ಒಬ್ಬರಿಗೆ

ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೇದೆ
ಗಲ್‌ಪೇಟೆಯ ನಮ್ಮ ಜಗಲಿಯಲ್ಲಿ ಕೂತು
ಕಾಫಿ ಕುಡಿದು ಕೇಳಿದ:
"ಜೊತೆಗೆ ಯಾರು ಮೇಡಂ?"
ಯಾರೂ ಇಲ್ಲ ಅಂದೆ.
ಪೆನ್ನು ನಿಲ್ಲಿಸಿ ಒಳಮನೆ ಕಡೆ ನೋಡಿದ,
ಯಾರಾದರೂ ಎದ್ದು ಬರುತ್ತಾರೇನೋ ಅಂತ.

ಇಪ್ಪತ್ತೆರಡು ವರ್ಷ ಕೋಲಾರದ ಟೊಮೇಟೊ ಮಂಡಿಯಲ್ಲಿ
ಕ್ರೇಟು ಎಣಿಸಿ ಚೀಟಿ ಹರಿದವಳು ನಾನು.
ನಾಗಪುರದ ಲಾರಿ, ಕಲ್ಕತ್ತೆಯ ಲಾರಿ,
ನಂಬರು ಬರೆದು ಬರೆದು ತೋರುಬೆರಳಿಗೆ ಜಡ್ಡು.
ಹಣ್ಣು ಕಂಡ ಊರುಗಳನ್ನು ನಾನು ಕಂಡಿರಲಿಲ್ಲ.

"ಹೋಗೋದಾದ್ರೆ ಸಿಂಗಾಪುರಕ್ಕೆ ಹೋಗು,
ಅದ್ಯಾವುದು ಇಪೋ?" ಅಂದಳು ಪಂಕಜ.
ತವರದ ಊರು ಕಣೆ, ಅಂದೆ.
"ನಿನ್ನ ತವರು ಉರಿಗಾಂ ಅಲ್ವೇನೆ?"
ತವರು ಅಲ್ಲ, ತವರ.
ನೆಲದಡಿಯಿಂದ ತೆಗೀತಿದ್ರಂತೆ,
ನಮ್ಮಪ್ಪ ಚಾಂಪಿಯನ್ ರೀಫಿನಲ್ಲಿ ಚಿನ್ನ ತೆಗೆದ ಹಾಗೆ.
ಗಣಿ ಮುಚ್ಚಿದ ಮೇಲೆ ಒಂದೂರು ಏನು ಮಾಡುತ್ತೆ ನೋಡೋಣ ಅಂತ.
ಅರ್ಧ ಸುಳ್ಳು. ಅಲ್ಲಿ ಊಟ ಚೆನ್ನಾಗಿರುತ್ತೆ ಅಂತ ಓದಿದ್ದೆ.

ಇಲ್ಲಿ ಹೋಟೆಲಿಗೆ ಒಬ್ಬಳೇ ಹೋದರೆ
"ಫ್ಯಾಮಿಲಿ ಒಳಗಡೆ" ಅಂತ ಪರದೆ ಎತ್ತುತ್ತಾರೆ.
ಪರದೆಯೊಳಗೆ ನಾಲ್ಕು ಕುರ್ಚಿ, ಒಂದು ಫ್ಯಾನು,
ನನಗೆ ನಾನೇ ಫ್ಯಾಮಿಲಿ.

ಅಲ್ಲಿ ಹುಡುಗ ಒಂದು ಬೆರಳು ಎತ್ತಿ ಹುಬ್ಬು ಏರಿಸಿದ.
ನಾನೂ ಒಂದು ಬೆರಳು ಎತ್ತಿದೆ.
ಮಾತು ಮುಗಿಯಿತು.
ದುಂಡು ಮೇಜು, ಸುತ್ತ ಗುರುತಿಲ್ಲದವರು.
ಅರೆಬೆಂದ ಮೊಟ್ಟೆ ಒಡೆಯುತ್ತಿದ್ದ ಚೀನೀ ಅಜ್ಜಿ
ಕಪ್ಪು ಸಾಸಿನ ಬಾಟಲಿ ನನ್ನತ್ತ ಸರಿಸಿ
ಮತ್ತೆ ತನ್ನ ಮೊಟ್ಟೆಗೆ ಮರಳಿದಳು.

ಮೊಳಕೆಕಾಳಿನ ಜೊತೆ ಕೋಳಿ ಕೊಟ್ಟರು.
ಮೊಳಕೆ ಅಂದರೆ ಕಿರುಬೆರಳು ದಪ್ಪ, ಮೈತುಂಬ ನೀರು.
ನಮ್ಮ ಹುರುಳಿ ಮೊಳಕೆ ಅದರ ಪಕ್ಕ
ಜ್ವರದಿಂದ ಎದ್ದ ಕೂಸು.
ಆದರೂ ಸಾರಿಗೆ ನಮ್ಮದೇ ಸರಿ, ಬಿಡಿ.

ಬಿಳಿ ಕಾಫಿ ಅಂದರು, ಬಿಳಿ ಇರಲಿಲ್ಲ.
ಬಂಗಾರಪೇಟೆಯಲ್ಲಿ ಬಂಗಾರ ಇದೆಯೇ
ಅಂದುಕೊಂಡು ಎರಡು ಕಪ್ ಕುಡಿದೆ.

ಸುಣ್ಣದಕಲ್ಲಿನ ಬೆಟ್ಟದ ಹೊಟ್ಟೆಯೊಳಗೆ ಗುಡಿ,
ಗುಡಿಯ ಹಿಂದೆ ಆಮೆಗಳ ಕೊಳ.
ಅಂತರಗಂಗೆಯ ಕೋತಿಯಾದರೆ ಕೈಯಿಂದಲೇ ಕಿತ್ತುಕೊಳ್ಳುತ್ತಿತ್ತು,
ಇವು ಸೊಪ್ಪು ಹಾಕಿದರೆ ಯೋಚನೆ ಮಾಡಿ ಬಾಯಿ ತೆರೆಯುತ್ತವೆ.
ಮಂಡಿ ಹಿಡಿದು ಮೆಟ್ಟಿಲಲ್ಲಿ ಕೂತೆ ಒಂದು ಗಂಟೆ.
ಹೊರಡು ಅನ್ನುವವರಿಲ್ಲ,
ಬಸ್ಸಿಗೆ ಹೊತ್ತಾಯಿತು ಅನ್ನುವವರಿಲ್ಲ.
ಶಾಲೆಯ ಹುಡುಗಿಯೊಬ್ಬಳು ಫೋಟೋ ತೆಗೆದುಕೊಟ್ಟಳು,
ಮೂಲೆಯಲ್ಲಿ ಅವಳ ಹೆಬ್ಬೆರಳೂ ಇದೆ.

ಮಸಾಲೆ ಅಂಗಡಿಯ ಮಾಣಿಕ್ಕಂ
ನನ್ನ ಉರಿಗಾಂ ತಮಿಳು ಕೇಳಿ ನಕ್ಕ.
ಯಾವೂರು? ಕೋಲಾರ.
ಗೊತ್ತಿಲ್ಲ. ಚಿನ್ನದ ಗಣಿ ಇತ್ತಲ್ಲ?
"ನಮ್ಮ ತಾತನೂ ತೋಡಿದವನೇ, ತವರ.
ತೋಡೋದು ಮುಗೀತಮ್ಮ,
ಈಗ ಊರಿಗೆಲ್ಲ ಬಡಿಸೋದೇ ಕೆಲಸ."
ಹಣ ಕೊಡುವಾಗ ಸುಮ್ಮನೆ ನಿಂತೆ.
ಅಪ್ಪನ ಕೊನೆಯ ಪಾಳಿ, ಖಾಲಿ ಟಿಫಿನ್ ಕ್ಯಾರಿಯರ್,
ಮನೆಯ ಹಿಂದಿನ ಸೈನೈಡ್ ದಿಬ್ಬದ ಮೇಲೆ
ಗಾಳಿಗೆ ಏಳುವ ಬೂದು ಮಣ್ಣು.
ಚಕ್ರಮೊಗ್ಗು ಒಂದು ಹಿಡಿ ಹೆಚ್ಚಿಗೆ ಹಾಕಿಕೊಟ್ಟ.

ಮೂರನೇ ರಾತ್ರಿ ಹೊಟ್ಟೆ ಕೆಟ್ಟಿತು.
ಜೀರಿಗೆ ಜಗಿಯುತ್ತ, ಗೋಡೆಗೊರಗಿ ಬೆಳಗು ಕಾದೆ.
ಎದುರು ಅಂಗಡಿಯ ಕೆಂಪು ದೀಪ ಆರಿ ಹೊತ್ತುತ್ತಿತ್ತು.
ಆಗ ಮಾತ್ರ, ಒಂದೇ ಒಂದು ಸಲ,
ಪೇದೆಯ ಪ್ರಶ್ನೆ ನೆನಪಾಯಿತು.

ಬಂದು ಹನ್ನೆರಡು ದಿನ.
ಮಂಡಿಯಲ್ಲಿ ಎಲ್ಲರೂ ಕೇಳುವುದು "ಯಾರ್ಯಾರು ಹೋಗಿದ್ರಿ?"
ಏನು ತಿಂದೆ ಅಂತ ಪಂಕಜ ಒಬ್ಬಳೇ ಕೇಳಿದಳು,
ಚಕ್ರಮೊಗ್ಗು ಮೂಸಿ ಮೂಸಿ.

ನಿನ್ನೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಹೋದೆ.
ಹುಡುಗ ಪರದೆಗೆ ಕೈ ಹಾಕಿದ.
ನಾನು ಗಲ್ಲಾ ಪಕ್ಕದ ಮೇಜಿಗೆ ಕೂತೆ, ರಸ್ತೆಗೆ ಮುಖ ಮಾಡಿ.
"ಎಷ್ಟು ಜನ?"
ಬೆರಳು ಎತ್ತಿದೆ.
ಆದರೂ ಎರಡು ಲೋಟ ನೀರು ತಂದಿಟ್ಟ.
ಅಭ್ಯಾಸ, ಪಾಪ.
ಬಿಸಿಲು ಬೇರೆ. ಎರಡನ್ನೂ ಕುಡಿದೆ.